ಒದ್ದೆ ಕಲ್ಲಿದ್ದಲು ಜಾರಲು: ಸ್ಟೇನ್‌ಲೆಸ್ ಸ್ಟೀಲ್, ಪ್ಲಾಸ್ಟಿಕ್ ಹಾಳೆ, ಏರ್ ಬ್ಲಾಸ್ಟರ್

ಉತ್ತರ ಕರ್ನಾಟಕದ ಶಾಖೋತ್ಪನ್ನ ವಿದ್ಯುತ್ ಸ್ಥಾವರವೊಂದರ ಕಲ್ಲಿದ್ದಲು ವಿಭಾಗದಲ್ಲಿ ನಾನು ಪಾಳಿಯ ಹೊಣೆ ಹೊತ್ತಿದ್ದಾಗ, ಮಳೆಗಾಲದ ರಾತ್ರಿಗಳೆಲ್ಲ ಚೂಟ್‌ಗೆ (ಒಂದು ಸಾಗಣೆ ಬೆಲ್ಟ್‌ನಿಂದ ಇನ್ನೊಂದಕ್ಕೆ ಕಲ್ಲಿದ್ದಲು ಜಾರಿ ಬೀಳುವ ಉಕ್ಕಿನ ಇಳಿಜಾರು ಕೊಳವೆಗೆ) ಸುತ್ತಿಗೆ ಬಡಿಯುವ ಸದ್ದಿನಲ್ಲೇ ಕಳೆಯುತ್ತಿದ್ದವು. 210 ಮೆಗಾವಾಟ್‌ನ ಒಂದು ಘಟಕ ಪೂರ್ಣ ಹೊರೆಯಲ್ಲಿ ದಿನಕ್ಕೆ 3,000 ಟನ್‌ಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದು ರೇಕ್‌ನಷ್ಟು (ಒಂದು ಇಡೀ ಗೂಡ್ಸ್ ರೈಲಿನಷ್ಟು) ಕಲ್ಲಿದ್ದಲನ್ನು ಸುಡುತ್ತದೆ. ಮಣ್ಣು ಬೆರೆತ ಪುಡಿ ನೆನೆದು ಒಂದು ಚೂಟ್ ಕಟ್ಟಿಕೊಂಡರೂ ಸಾಕು, ಹಿಂದಿನ ಬೆಲ್ಟ್‌ಗಳೆಲ್ಲ ನಿಲ್ಲುತ್ತವೆ. ಸುತ್ತಿಗೆಯಿಂದ ತಗ್ಗಾದ ಜಾಗದಲ್ಲಿ ಮರುದಿನ ಇನ್ನಷ್ಟು ಪುಡಿ ಅಂಟುತ್ತಿತ್ತು.

ಮೊದಲು ಸಾಮಾನ್ಯ ಉಕ್ಕಿನ ಹೊದಿಕೆ ತೆಗೆದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿದೆವು. ಸಾಮಾನ್ಯ ಉಕ್ಕು ಬೆಲ್ಟ್ ನಿಂತ ಎರಡೇ ದಿನಕ್ಕೆ ತುಕ್ಕು ಹಿಡಿದು ಒರಟಾಗುತ್ತದೆ. ಇದು ಹಾಗಾಗದೆ, ಕಲ್ಲಿದ್ದಲು ಉಜ್ಜಿದಷ್ಟೂ ನುಣುಪಾಯಿತು. ಆದರೂ ಜೋರು ಮಳೆಯ ದಿನ ಕೆಳಗಿನ ಇಳಿಜಾರಿನಲ್ಲಿ ಪದರ ಕಟ್ಟುವುದು ನಿಲ್ಲಲಿಲ್ಲ.

ಅದೇ ಇಳಿಜಾರಿಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ದಪ್ಪ ಹಾಳೆ ಹೊದಿಸಿದಾಗ ವ್ಯತ್ಯಾಸ ಮೊದಲ ಪಾಳಿಯಲ್ಲೇ ಕಂಡಿತು: ಒದ್ದೆ ಪುಡಿ ಎಣ್ಣೆ ಸವರಿದ ಕಾವಲಿಯ ಮೇಲಿನ ದೋಸೆಯಂತೆ ಕಳಚಿಕೊಂಡು ಜಾರುತ್ತಿತ್ತು. ಆದರೆ ಈ ಹಾಳೆಯನ್ನು ಸಾಕುವುದು ಸುಲಭವಲ್ಲ. ಬಿಸಿಲಿಗೆ ಅದು ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ, ಬೋಲ್ಟ್‌ನ ತೂತುಗಳಲ್ಲಿ ಸಡಿಲ ಬಿಡದೆ ಬಿಗಿದ ನಮ್ಮ ಮೊದಲ ಹಾಳೆ ಉಬ್ಬಿ, ಅಂಚು ಎದ್ದು, ಅದರ ಹಿಂದೆಯೇ ಕಲ್ಲಿದ್ದಲು ತುಂಬಿತು. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಈ ವಸ್ತುವಿನ ಹತ್ತಿರ ವೆಲ್ಡಿಂಗ್ ಮಾಡುವಾಗ ನೀರಿನ ಪೈಪು ಹಿಡಿದು ಒಬ್ಬರು ನಿಂತಿರಲೇಬೇಕು. ದೊಡ್ಡ ಉಂಡೆಗಳು ನೇರ ಬೀಳುವ ಕಡೆ ಅದು ಬೇಗ ಹರಿದೂ ಹೋಯಿತು.

ಏರ್ ಬ್ಲಾಸ್ಟರ್ ಬಗ್ಗೆ ನನ್ನ ನಿರೀಕ್ಷೆ ದೊಡ್ಡದಿತ್ತು. ಸಂಕುಚಿತ ಗಾಳಿ ಒಮ್ಮೆಲೇ ನುಗ್ಗಿ ಬಾಯೆದುರಿನ ಗಂಟನ್ನು ಒಡೆಯುತ್ತದೆ ನಿಜ, ಆದರೆ ಪೂರ್ತಿ ಕಟ್ಟಿಕೊಂಡ ಚೂಟ್‌ನಲ್ಲಿ ಅದು ಇಲಿಬಿಲದಂಥ ಒಂದು ತೂತು ಕೊರೆದು ಸುಮ್ಮನಾಗುತ್ತಿತ್ತು. ಚೂಟ್ ಅನ್ನು ನಡುಗಿಸುವ ವೈಬ್ರೇಟರ್ ಇನ್ನೂ ಕಡೆ. ಹರಿವು ನಿಂತಾಗ ಅದನ್ನು ಓಡಿಸಿದರೆ ಪುಡಿ ಮತ್ತಷ್ಟು ಗಟ್ಟಿಯಾಗುತ್ತದೆ.

ಕೊನೆಗೆ ಕಲ್ಲಿದ್ದಲು ಬೀಳುವಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಜಾರುವಲ್ಲಿ ಪ್ಲಾಸ್ಟಿಕ್, ತಿರುವಿನಲ್ಲಿ ಮಾತ್ರ ಒಂದು ಬ್ಲಾಸ್ಟರ್ ಉಳಿಸಿಕೊಂಡೆವು. ಗೇಟಿನ ಬಳಿಯ ಒಂದು ಮೂಲೆಗೆ ಸುತ್ತಿಗೆಯೇ ಗತಿ. ಅಲ್ಲಿ ಇಳಿಜಾರೇ ಸಾಲದು, ಅದಕ್ಕೆ ಚೂಟ್ ಅನ್ನೇ ಕತ್ತರಿಸಿ ಬೇರೆ ಕೋನದಲ್ಲಿ ಕೂರಿಸಬೇಕು.