ಐ-ಪಿಲ್ ಕೊಳ್ಳಲು ಜಯನಗರದ ಈ ಮೆಡಿಕಲ್ಸ್ ಹೇಗಿದೆ? 5ಕ್ಕೆ 3

ಜಯನಗರ 4ನೇ ಬ್ಲಾಕ್ ಬಸ್ ಸ್ಟ್ಯಾಂಡ್ ಹತ್ತಿರದ ಈ ಅಂಗಡಿಯಲ್ಲಿ ಐ-ಪಿಲ್, ಅನ್‌ವಾಂಟೆಡ್-72 ಎರಡೂ ಸಿಗುತ್ತವೆ. ಅಸುರಕ್ಷಿತ ಸಂಪರ್ಕದ ನಂತರ ಗರ್ಭ ನಿಲ್ಲದಂತೆ ನುಂಗುವ ತುರ್ತು ಮಾತ್ರೆಗಳಿವು. ಹೆಸರು ಬೇರೆಯಾದರೂ ಒಳಗಿರುವುದು ಒಂದೇ: ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ. ಚೀಟಿ ಕೇಳುವುದಿಲ್ಲ, ಮದುವೆಯಾಗಿದೆಯಾ ಅಂತಂತೂ ಕೇಳುವುದಿಲ್ಲ. ಕೇಳಲೂಬಾರದು, 2005ರಿಂದಲೇ ಈ ಔಷಧಿಗೆ ಡಾಕ್ಟರ್ ಚೀಟಿ ಬೇಕಿಲ್ಲ. ಎಂಆರ್‌ಪಿ ದರಕ್ಕೇ ಬಿಲ್ ಹಾಕುತ್ತಾರೆ. ಇಲ್ಲಿಯವರೆಗೆ ದೂರಿಲ್ಲ.

ಕೌಂಟರ್ ಹುಡುಗ ಡಬ್ಬಿಯನ್ನು ಪೇಪರಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಮುಖ ನೋಡದೆ ಹೇಳುವುದು ಒಂದೇ ಮಾತು: "ಮೂರು ದಿನದೊಳಗೆ ತಗೊಳ್ಳಿ ಮೇಡಂ." ಗಂಡಸರು ಕೊಂಡರೆ ಅದೂ ಇಲ್ಲ. ಡಬ್ಬಿಯ ಮೇಲೆ 72 ಗಂಟೆ ಅಂತ ಇರುವುದು ನಿಜ, ಆದರೆ ಅಲ್ಲಿಯವರೆಗೆ ಕಾಯಬಹುದು ಅಂತಲ್ಲ. ಈ ಮಾತ್ರೆ ಅಂಡಾಣು ಬಿಡುಗಡೆಯನ್ನು ಮುಂದಕ್ಕೆ ತಳ್ಳುತ್ತದೆ. ಅಂಡಾಣು ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಹಾರ್ಮೋನ್ ಏರಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಅಷ್ಟಕ್ಕಷ್ಟೇ. ಹಾಗಾಗಿ ಹೇಳಬೇಕಾದದ್ದು "ಈಗಲೇ ನುಂಗಿ" ಅಂತ, ಕೇಳಬೇಕಾದದ್ದು "ಎಷ್ಟು ಹೊತ್ತಾಯ್ತು?" ಅಂತ. ನಾಲ್ಕನೇ ದಿನ ಬಂದವರಿಗೆ ಕಾಪರ್-ಟಿ (ಗರ್ಭಕೋಶದೊಳಗೆ ಕೂರಿಸುವ ಸಾಧನ) ಹಾಕಿಸಿಕೊಳ್ಳಲು ಹೇಳಬೇಕು. ಐದು ದಿನದೊಳಗೆ ಹಾಕಿಸಿದರೆ ಅದು ಶೇ. 99ಕ್ಕೂ ಹೆಚ್ಚು ಕೆಲಸ ಮಾಡುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಬೇಡ. ಈ ಕೌಂಟರಿನಲ್ಲಿ ಆ ಹೆಸರೇ ಬರುವುದಿಲ್ಲ.

ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಅಂತ ಕೇಳುವುದಿಲ್ಲ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಇವೆಲ್ಲ ಲಿವರ್‌ನ ಕೆಲಸವನ್ನು ಚುರುಕುಗೊಳಿಸಿ ಲೆವೊನಾರ್‌ಜೆಸ್ಟ್ರೆಲ್ ಬೇಗ ಕರಗಿಹೋಗುವಂತೆ ಮಾಡುತ್ತವೆ. ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಆ ಪ್ರಭಾವ ಉಳಿದಿರುತ್ತದೆ. ಅಂಥವರಿಗೆ ಕಾಪರ್-ಟಿ ಒಳ್ಳೆಯದು, ಆಗದಿದ್ದರೆ ಎರಡು ಮಾತ್ರೆ ಒಟ್ಟಿಗೆ, ಅಂದರೆ 3 ಮಿಲಿಗ್ರಾಂ. ಫಿಟ್ಸ್ ಮಾತ್ರೆಯನ್ನೂ ಇದೇ ಕೌಂಟರಿನಲ್ಲೇ ಮಾರುತ್ತಾರಲ್ಲ, ಕೇಳಲು ಏನು ಕಷ್ಟವೋ! ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದವರಲ್ಲೂ ಮಾತ್ರೆಯ ಬಲ ತಗ್ಗಬಹುದು.

ಸಂಜೆ ಬಿಳಿ ಕೋಟಿನ ಫಾರ್ಮಸಿಸ್ಟ್ ಇರುತ್ತಾರೆ. ಕೇಳಿದರೆ ಉತ್ತರಿಸುತ್ತಾರೆ, ಸಮಾಧಾನದ ಮನುಷ್ಯ. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು ಅಂದದ್ದು ಸರಿ. ಆದರೆ "ಇದು ಗರ್ಭ ತೆಗೆಯೋ ಮಾತ್ರೆ ಅಮ್ಮ, ಪದೇ ಪದೇ ತಗೊಂಡ್ರೆ ಮಕ್ಕಳಾಗಲ್ಲ" ಅನ್ನುವುದು ಎರಡು ತಪ್ಪನ್ನು ಒಟ್ಟಿಗೆ ಕಟ್ಟಿದಂತೆ. ಗರ್ಭಪಾತದ್ದು ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಇರುವ ಬೇರೆಯದೇ ಕಿಟ್. ಅದಕ್ಕೆ ಡಾಕ್ಟರ್ ಬೇಕೇ ಬೇಕು. ಲೆವೊನಾರ್‌ಜೆಸ್ಟ್ರೆಲ್ ನಿಂತ ಗರ್ಭವನ್ನು ಏನೂ ಮಾಡುವುದಿಲ್ಲ. ಪದೇ ಪದೇ ತೆಗೆದುಕೊಂಡರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ಬಂಜೆತನ ಬರುವುದಿಲ್ಲ. ಪ್ರತಿ ತಿಂಗಳೂ ಬೇಕಾಗುತ್ತಿದ್ದರೆ ದಿನದ ಮಾತ್ರೆಯೋ ಕಾಪರ್-ಟಿಯೋ ಹೆಚ್ಚು ನಂಬಿಕಸ್ಥ ಅನ್ನುವುದು ಬೇರೆ ಮಾತು. ಈ ಹೆದರಿಕೆ ಕೇಳಿ, ನುಂಗಲೋ ಬೇಡವೋ ಅಂತ ಒಂದು ರಾತ್ರಿ ಯೋಚಿಸಿ ಕುಳಿತರೆ ಹೋಗುವುದು ಅದೇ ಅಮೂಲ್ಯ ಗಂಟೆಗಳು.

ಅವರೂ ಹೇಳದ ಇನ್ನೆರಡು ಸಂಗತಿ: ಮಾತ್ರೆ ಮುಂದಿನ ಸಲದ ಸಂಪರ್ಕಕ್ಕೆ ಕಾವಲಲ್ಲ, ಮುಂದಕ್ಕೆ ಹೋದ ಅಂಡಾಣು ಆಮೇಲೆ ಬಿಡುಗಡೆಯಾಗಬಹುದು, ಆದ್ದರಿಂದ ಅಂದಿನಿಂದಲೇ ಕಾಂಡೋಮ್ ಬೇಕು. ನಡುವೆ ಚೂರು ರಕ್ತ ಕಂಡರೆ ಅದನ್ನೇ ಮುಟ್ಟು ಅಂದುಕೊಳ್ಳಬೇಡಿ. ಮುಟ್ಟು ಒಂದು ವಾರ ತಡವಾದರೆ, ಅಥವಾ ಮಾತ್ರೆ ನುಂಗಿ ಮೂರು ವಾರ ಕಳೆದರೂ ಬಾರದಿದ್ದರೆ ಪ್ರೆಗ್ನೆನ್ಸಿ ಕಿಟ್ ಬಳಸಿ ನೋಡಿ.

ಸ್ಟಾಕಿಗೆ, ಬೆಲೆಗೆ, ಗೌರವಕ್ಕೆ ಮೂರು ಅಂಕ ಕೊಡಬಹುದು. ಹೋಗುವುದಾದರೆ ಸಂಜೆ ಹೋಗಿ, ಎಕ್ಸ್‌ಪೈರಿ ನೋಡಿ, ಬೇರೆ ಮಾತ್ರೆ ನಡೆಯುತ್ತಿದ್ದರೆ ಅದರ ಸ್ಟ್ರಿಪ್ ಕೈಯಲ್ಲೇ ಹಿಡಿದುಕೊಂಡು ಹೋಗಿ ನೀವೇ ತೋರಿಸಿ.