ಅ-ಆ-ಇ-ಈ ಮೊದಲೋ, ರ-ಗ-ಸ-ದ-ಅ ಮೊದಲೋ: ಮನೆಪಾಠದ ಮೊದಲ ತಿಂಗಳುಗಳ ಹೋಲಿಕೆ

ಜೂನ್ ಬಂತೆಂದರೆ ಶಾಲೆಗಳಲ್ಲಿ ಸೇತುಬಂಧ, ಅಂದರೆ ಹಿಂದೆ ಕಲಿತದ್ದನ್ನು ಮತ್ತೆ ನೆನಪಿಸುವ ಪಾಠ, ಶುರು. ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ಮುಂದೆ ಇರುವುದು ಐದಾರು ವರ್ಷದ ಮಗು, ಒಂದು ಪಾಟಿ (ಸ್ಲೇಟು), ಪೇಟೆಯಿಂದ ತಂದು ಗೋಡೆಗೆ ಅಂಟಿಸಿದ ಚಾರ್ಟು. ಎಲ್ಲಿಂದ ಹಿಡಿಯಬೇಕು ಎಂಬುದೇ ಮೊದಲ ತಕರಾರು. ಕಲಬುರಗಿಯ ನಮ್ಮ ಮನೆಯಲ್ಲಿ ದೊಡ್ಡ ಮಗುವಿಗೆ ಒಂದು ದಾರಿ, ಚಿಕ್ಕದಕ್ಕೆ ಇನ್ನೊಂದು ದಾರಿ ಹಿಡಿದು, ಬರೆಯುವ ಮತ್ತು ಎಣಿಸುವ ಸಾಮಾನನ್ನೂ ಅದಲುಬದಲು ಮಾಡಿ ನೋಡಿದ್ದಾಗಿದೆ. ಓದಿಗೆ ಸರ್ಕಾರಿ ಶಾಲೆಗಳ ರ-ಗ-ಸ-ದ-ಅ ಕ್ರಮ, ಬಾಯಿಪಾಠಕ್ಕೆ ವರ್ಣಮಾಲೆಯ ಅ-ಆ-ಇ-ಈ, ಬರವಣಿಗೆಗೆ ಪಾಟಿ, ಚಾರ್ಟು ಮಾತ್ರ ಕೈಯಾರೆ ಮಾಡಿದ್ದು. ನಮ್ಮ ಆಯ್ಕೆ ಇದು, ಕಾರಣಗಳು ಕೆಳಗಿವೆ.

ಅಕ್ಷರಗಳ ಸರತಿ

ಮೂಳಾಕ್ಷರ ಒಟ್ಟು 49: ಸ್ವರ 13, ಯೋಗವಾಹ 2, ವ್ಯಂಜನ 34. ಈ ಕ್ರಮ ಬಾಯಿಗೆ ಚೆಂದ. ಉಚ್ಚಾರ ಹುಟ್ಟುವ ಜಾಗ ನೋಡಿ ಜೋಡಿಸಿದ್ದು, ಗಂಟಲಿನ ಕ-ವರ್ಗದಿಂದ ತುಟಿಯ ಪ-ವರ್ಗದವರೆಗೆ. ಆದರೆ ಓದಲು ಕೂತ ಮಗುವಿಗೆ ಇದರಿಂದ ಬೇಗ ಏನೂ ದಕ್ಕುವುದಿಲ್ಲ. ಕನ್ನಡದಲ್ಲಿ ಸ್ವರಾಕ್ಷರ ಕಾಣಿಸುವುದು ಹೆಚ್ಚುಕಡಿಮೆ ಪದದ ಮೊದಲಲ್ಲಿ ಮಾತ್ರ. ನಡುವೆ ಬಂದರೆ ಅದು ಗುಡಿಸು, ಕೊಂಬು, ಎತ್ವಗಳಾಗಿ ವ್ಯಂಜನದ ಮೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಹದಿಮೂರು ಸ್ವರ ತಿದ್ದಿ ಮುಗಿಸಿದ ಮೇಲೂ ಮಗು ಓದಬಲ್ಲ ಪದ ‘ಆ’, ‘ಈ’, ‘ಓ’ಗಳಂಥವು ಬಿಟ್ಟರೆ ಇಲ್ಲ. ಮುಂದೆ ಘ, ಙ, ಛ, ಝ, ಞ ಸಾಲಾಗಿ ಬರುತ್ತವೆ. ಙದಿಂದ ಶುರುವಾಗುವ ಒಂದು ಪದ ಹೇಳಿ ಎಂದರೆ ಮಾಸ್ತರರೂ ತಲೆ ಕೆರೆದುಕೊಳ್ಳುತ್ತಾರೆ. ತಿಂಗಳಿಡೀ ಹೀಗೆ ಹೋದರೆ ಮಗುವಿನ ಲೆಕ್ಕದಲ್ಲಿ ಅಕ್ಷರ ಎಂದರೆ ಗೆರೆ ತಿದ್ದುವ ಕೆಲಸ, ಅಷ್ಟೇ.

ಎದುರಿನ ದಾರಿ ನಲಿಕಲಿಯದು, ಆಡುತ್ತ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂದದ್ದು. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಬರೆಯಲು ಸುಲಭ, ಪದಗಳಲ್ಲಿ ಮೇಲಿಂದಮೇಲೆ ಬರುವಂಥವು. ಮೊದಲ ಐದಕ್ಕೇ ಸರ, ರಸ, ದರ, ಅರಸ, ಸರಸ, ಗರಗಸ ಸಿಕ್ಕವು. ಹತ್ತಾದರೆ ಜನ, ಮರ, ಮಗ, ವನ, ಗಜ, ನಗರ, ಬಸವ. ಒಂದೂ ಕಾಗುಣಿತ ಗೊತ್ತಿಲ್ಲದ ಮಗು ‘ಅರಸನ ಮಗ’, ‘ಬಸವನ ಮರ’, ‘ಜನರ ನಗರ’ ಎಂದು ಎರಡು ಪದ ಕೂಡಿಸಿ ಓದುತ್ತದೆ. ಬಸವಕಲ್ಯಾಣದ ಕಡೆಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ಮೊದಲ ಮೂರು ಅಕ್ಷರ ಗುರುತು ಹಿಡಿದು ಕೂಗಿದ ಮಗುವಿಗೆ ಬೇರೆ ಬಹುಮಾನ ಬೇಕಾಗುವುದಿಲ್ಲ.

ಮಾಡುವ ಬಗೆ ಹೀಗೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಮೂರು ಇಂಚಿನ ಚೌಕವಾಗಿ ಕತ್ತರಿಸಿ. ಒಂದೊಂದು ಅಕ್ಷರಕ್ಕೆ ಮೂರು ಕಾರ್ಡು ಇರಲಿ. ಗರಗಸಕ್ಕೆ ಎರಡು ಗ, ಸರಸಕ್ಕೆ ಎರಡು ಸ ಬೇಕು, ಒಂದೇ ಇದ್ದರೆ ಆಟ ಅಲ್ಲೇ ನಿಂತಿತು. ಎರಡು ದಿನಕ್ಕೆ ಒಂದು ಅಕ್ಷರದಂತೆ ಐದು ಮುಗಿಸಿ, ಮುಂದಿನ ಮೂರ್ನಾಲ್ಕು ದಿನ ಹೊಸ ಅಕ್ಷರ ತೆಗೆಯದೆ ಬರೀ ಪದ ಕಟ್ಟಿಸಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಗುಂಪಿನ ಒಳಗಿನ ಕ್ರಮವನ್ನು ಮಾತ್ರ ನಾವು ಸ್ವಲ್ಪ ಬದಲಿಸಿಕೊಂಡಿದ್ದೇವೆ: ರ, ಸ, ಗ, ಅ, ಕೊನೆಗೆ ದ. ರ ಮತ್ತು ದ ಎರಡೂ ದುಂಡು ಮೈಯವು, ಬೇರೆಯಾಗುವುದು ಕೆಳಗಿನ ತಿರುವಿನಲ್ಲಿ. ಅಕ್ಕಪಕ್ಕದ ದಿನಗಳಲ್ಲಿ ಕಲಿಸಿದರೆ ಮುಂದೆ ಡ, ಧ, ಥ ಬಂದಾಗಲೂ ಆ ಗೊಂದಲ ಬಿಡುವುದಿಲ್ಲ. ಇನ್ನೊಂದು ತೊಡಕು ತಲೆಕಟ್ಟು. ರ, ಗ, ಸ, ದ ನಾಲ್ಕಕ್ಕೂ ಅದು ಇರುವುದರಿಂದ ಎರಡನೇ ಗುಂಪಿನ ಜ, ಬಗಳಿಗೂ ಮಗು ತಲೆಕಟ್ಟು ಏರಿಸುತ್ತದೆ. ಆ ಎರಡನ್ನು ಕಲಿಸುವ ದಿನ ‘ಇವಕ್ಕ ಟೋಪಿ ಇಲ್ಲ’ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ತಿದ್ದುವ ಕೆಲಸ ತಪ್ಪುತ್ತದೆ.

ಮಗು ನಿಜವಾಗಿ ಓದುತ್ತಿದೆಯೋ, ಪದದ ಆಕಾರ ನೆನಪಿಟ್ಟು ಹೇಳುತ್ತಿದೆಯೋ? ತಿರುವುಮುರುವು ಜೋಡಿ ಕೊಟ್ಟು ನೋಡಿ: ಸರ-ರಸ, ಗಜ-ಜಗ, ವನ-ನವ. ನೆನಪಿನಿಂದ ಹೇಳುವ ಮಗು ‘ಜಗ’ ತೋರಿಸಿದರೂ ‘ಗಜ’ ಎಂದೇ ಅನ್ನುತ್ತದೆ. ಹಾಗಾದರೆ ಗದರಬೇಡಿ. ಕಾರ್ಡುಗಳನ್ನು ಎರಡು ಬೆರಳು ಅಂತರ ಬಿಟ್ಟು ಇಟ್ಟು, ಒಂದೊಂದನ್ನೇ ಮುಟ್ಟಿ ಹೇಳಿಸಿ, ಆಮೇಲೆ ಹತ್ತಿರ ಸರಿಸಿ.

ವರ್ಣಮಾಲೆಯ ಕ್ರಮ ಬೇಡವೇ? ಬೇಕು. ಮುಂದೆ ಕಾಗುಣಿತ ನಿಂತಿರುವುದೇ ಆ ಸ್ವರಗಳ ಸಾಲಿನ ಮೇಲೆ, ನಿಘಂಟು ನೋಡುವುದಕ್ಕೂ ಅದೇ ಆಧಾರ. ಮೇಲಾಗಿ ಊರಿಂದ ಮುತ್ಯಾ (ಅಜ್ಜ) ಬಂದರೆ ಕೇಳುವ ಮೊದಲ ಮಾತೇ ‘ಅ ಆ ಇ ಈ ಅನ್ನು ನೋಡಮು’. ರ-ಗ-ಸದಲ್ಲಿ ಕಲಿತ ಮಗು ಅಲ್ಲಿ ತಬ್ಬಿಬ್ಬಾದರೆ ‘ಮನ್ಯಾಗ ಏನೂ ಕಲಿಸಿಲ್ಲ’ ಎಂಬ ಮಾತು ಅವ್ವನ ತಲೆಗೆ ಬರುತ್ತದೆ. ಸ್ನಾನ ಮಾಡಿಸುವಾಗ, ಜಡೆ ಹೆಣೆಯುವಾಗ ರಾಗವಾಗಿ ಹೇಳಿಸಿದರೆ ಸಾಕು. ಬರೆಸುವುದು, ಗುರುತು ಹಿಡಿಸುವುದು ಮಾತ್ರ ಬೇರೆ ಸರತಿಯಲ್ಲಿ ನಡೆಯಲಿ.

ಪೇಟೆಯ ಚಾರ್ಟು, ಮನೆಯ ಚಾರ್ಟು

ಅಂಗಡಿಯ ಚಾರ್ಟಿನ ಬಣ್ಣ ಚೆಂದ, ನೀರು ಬಿದ್ದರೂ ಹಾಳಾಗುವುದಿಲ್ಲ. ತೊಂದರೆ ಚಿತ್ರಗಳಲ್ಲಿದೆ. ಹ-ಗೆ ಹಸುವಿನ ಚಿತ್ರ ಹಾಕಿರುತ್ತಾರೆ. ನಮ್ಮ ಮಗು ಅದನ್ನು ನೋಡಿ ‘ಆಕಳ’ ಎನ್ನುತ್ತದೆ, ಹ ಅಕ್ಷರವನ್ನು ಆ ಎಂದು ಓದುತ್ತದೆ. ಈ-ಗೆ ಈರುಳ್ಳಿ, ಮಗುವಿನ ಬಾಯಲ್ಲಿ ‘ಉಳ್ಳಾಗಡ್ಡಿ’. ಏ-ಗೆ ಏಣಿ, ಇಲ್ಲಿ ಅದು ನಿಚ್ಚಣಿಕೆ. ಕ-ಗೆ ಕಡಲೆಕಾಯಿ ಇದ್ದರೆ ‘ಶೇಂಗಾ’ ಎಂಬ ಉತ್ತರ ಬಂದೇ ಬರುತ್ತದೆ. ಚಿತ್ರ ಇರುವುದು ಅಕ್ಷರದ ಸದ್ದನ್ನು ನೆನಪಿಸಲಿಕ್ಕೆ. ಇಲ್ಲಿ ಅದು ಬೇರೆಯದೇ ಸದ್ದು ನೆನಪಿಸುತ್ತದೆ, ಮಗು ದಡ್ಡ ಎಂಬ ಹೆಸರು ಹೊತ್ತುಕೊಳ್ಳುತ್ತದೆ. ಅದರ ಉತ್ತರದಲ್ಲಿ ತಪ್ಪಿಲ್ಲ, ಚಾರ್ಟು ಬೇರೆ ಸೀಮೆಯದು.

ಹಾಗಾಗಿ ಚಾರ್ಟು ಖರೀದಿ ಮಾಡಿದ್ದರೂ ಹತ್ತು ಹನ್ನೆರಡು ಚಿತ್ರಗಳ ಮೇಲೆ ಬೇರೆ ಚಿತ್ರ ಅಂಟಿಸಿಕೊಳ್ಳಿ. ಆ-ಗೆ ಆಕಳು, ಉ-ಗೆ ಉಳ್ಳಾಗಡ್ಡಿ, ಶ-ಗೆ ಶೇಂಗಾ, ತ-ಗೆ ತೊಗರಿ, ಜ-ಗೆ ಜೋಳ, ನ-ಗೆ ನಿಚ್ಚಣಿಕೆ. ಆದರೆ ಒಂದು ಎಚ್ಚರ: ಚಿತ್ರದ ಪದ ಆ ಅಕ್ಷರದ ಮೂಲ ಸದ್ದಿನಿಂದಲೇ ಶುರುವಾದರೆ ಇನ್ನೂ ಒಳ್ಳೆಯದು. ತ-ಗೆ ತೊಗರಿಗಿಂತ ತಬಲಾ, ನ-ಗೆ ನಿಚ್ಚಣಿಕೆಗಿಂತ ನಳ, ಗ-ಗೆ ಗರಗಸ ಮೇಲು. ‘ತೊ’ ಎಂದು ಶುರುವಾಗುವ ಪದ ತ-ದ ಸದ್ದನ್ನು ನೇರವಾಗಿ ಕಿವಿಗೆ ಮುಟ್ಟಿಸುವುದಿಲ್ಲ. ಜೋಳ, ಶೇಂಗಾಗಳನ್ನು ನಾವು ಉಳಿಸಿಕೊಂಡದ್ದು ಮಗುವಿಗೆ ಅವು ಅಷ್ಟು ಪರಿಚಿತ ಎಂಬ ಒಂದೇ ಕಾರಣಕ್ಕೆ.

ಪಾಟಿ, ನೋಟಬುಕ್, ರವಾ, ಫರಸಿ

ನೋಟಬುಕ್ಕಿನಿಂದಲೇ ಶುರು ಮಾಡಿದರೆ ಪುಟ ತುಂಬುತ್ತದೆ, ನೆಂಟರಿಗೆ ತೋರಿಸಲು ಆಗುತ್ತದೆ. ಇದರ ಲಾಭ ಇಷ್ಟೇ. ಐದು ವರ್ಷದ ಕೈಗೆ ಎರಡು ಗೆರೆಯ ನಡುವಿನ ಜಾಗ ಕಿರಿದು. ಗೆರೆಯೊಳಗೆ ಕೂಡಿಸಲು ಹೋಗಿ ಪೆನ್ಸಿಲ್ ಬಿಗಿ ಹಿಡಿಯುತ್ತದೆ, ಹೆಬ್ಬೆರಳ ಉಗುರು ಬೆಳ್ಳಗಾಗುತ್ತದೆ, ಹಾಳೆಯ ಹಿಂಬದಿಯಲ್ಲಿ ಅಚ್ಚು ಮೂಡುತ್ತದೆ. ಹಾಳೆ ತಿರುವಿ ಬೆರಳಾಡಿಸಿ ನೋಡಿ: ಅಕ್ಷರ ಉಬ್ಬಿ ಕೈಗೆ ಹತ್ತಿದರೆ ನೋಟಬುಕ್ಕಿಗೆ ಇನ್ನೂ ಹೊತ್ತಾಗಿಲ್ಲ.

ಪಾಟಿಯಲ್ಲಿ ಬಳಪ ಸ್ವಲ್ಪ ತಡೆದು ತಡೆದು ಸಾಗುತ್ತದೆ. ಆ ತಡೆಯೇ ಕೈಗೆ ಹಿಡಿತ ಕೊಡುವುದು. ಅಕ್ಷರ ಅಂಗೈ ಅಗಲ ಬರೆಯಬಹುದು, ಕೆಟ್ಟರೆ ಒರೆಸಬಹುದು. ಹೊಸ ಪಾಟಿ ನುಣುಪಾಗಿ ಬಳಪ ಜಾರುತ್ತಿದ್ದರೆ ಒದ್ದೆ ಇದ್ದಿಲಿನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ತೇವ ಇದ್ದಾಗ ಬರೆದರೆ ಗೆರೆ ಕಾಣುವುದಿಲ್ಲ, ಮಗು ಒತ್ತಿ ಒತ್ತಿ ಬಳಪ ಮುರಿಯುತ್ತದೆ. ಉಗುಳಿ ಒರೆಸುವ ಚಾಳಿ ಹತ್ತದಂತೆ ಪಕ್ಕದಲ್ಲೇ ಒದ್ದೆ ಬಟ್ಟೆ ಇರಲಿ. ಪಾಟಿಯ ಕೊರತೆ ಒಂದೇ, ನಿನ್ನೆಯದು ಇಂದು ಉಳಿಯುವುದಿಲ್ಲ. ವಾರಕ್ಕೊಮ್ಮೆ ಫೋಟೊ ತೆಗೆದಿಡಿ.

ತಾಟಿನಲ್ಲಿ ರವಾ ಹರವಿ ಬೆರಳಿನಿಂದ ಬರೆಸುವುದು ತೀರ ಮೊದಲ ವಾರಕ್ಕೆ ಸರಿ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಹರವಿದರೆ ಗೆರೆಯ ಅಂಚು ಕುಸಿದು ಅಕ್ಷರ ಮುಚ್ಚುತ್ತದೆ. ಜೋಳದ ಹಿಟ್ಟು ಬೇಡ, ಬೆರಳಿಗೆ ಮೆತ್ತುತ್ತದೆ, ಸೀನು ಬರಿಸುತ್ತದೆ. ಫ್ಯಾನ್ ಕೆಳಗೆ ಯಾವುದೂ ಬೇಡ.

ನೆಲಕ್ಕೆ ಶಹಾಬಾದ ಫರಸಿ (ಹಾಸುಗಲ್ಲು) ಇರುವ ಮನೆಯವರಿಗೆ ಪುಕ್ಕಟೆ ಒಂದು ಅನುಕೂಲವಿದೆ. ಪಾಲಿಶ್ ಮಾಡಿಸದ ಕಲ್ಲಿನ ಮೇಲೆ ಖಡು (ಚಾಕ್‌ಪೀಸ್) ಚೆನ್ನಾಗಿ ಹತ್ತುತ್ತದೆ, ಒಂದು ಕಲ್ಲಿಗೆ ಒಂದು ಅಕ್ಷರ. ಮಗು ತೋಳು ಪೂರ್ತಿ ತಿರುಗಿಸಿ ಬರೆಯುತ್ತದೆ, ಆಮೇಲೆ ‘ಸ ಮ್ಯಾಲ ಜಿಗಿ, ರ ಮ್ಯಾಲ ಜಿಗಿ’ ಎಂದರೆ ಓದೂ ಆಯಿತು. ನುಣುಪು ಪಾಲಿಶ್ ಕಲ್ಲು ಇದಕ್ಕೆ ಬರುವುದಿಲ್ಲ, ಖಡು ಜಾರುತ್ತದೆ.

ಈ ಹೊತ್ತಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎತ್ತು ಮಾಡಿ ಉಳಿದ ಮಣ್ಣನ್ನು ಬತ್ತಿ ಹೊಸೆಸಿ ಅಕ್ಷರ ಮಾಡಿಸಿ. ಕನ್ನಡದ ದುಂಡು ಅಕ್ಷರಕ್ಕೆ ಇದು ಹೇಳಿ ಮಾಡಿಸಿದಂತಿದೆ, ಬೆರಳಿಗೂ ಬಲ ಬರುತ್ತದೆ. ಬರೀ ಎರೆಮಣ್ಣಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ. ನಾಲ್ಕು ಹಿಡಿ ಮಣ್ಣಿಗೆ ಒಂದು ಹಿಡಿ ಸಣ್ಣ ಮರಳು ಬೆರೆಸಿ, ನೆರಳಲ್ಲಿ ಒಣಗಿಸಿ.

ಎಣಿಕೆಯ ಸಾಮಾನು

ತೊಗರಿಯ ನಾಡಿನಲ್ಲಿ ಎಣಿಸಲು ತೊಗರಿ ಕಾಳೇ ಕೈಗೆ ಸಿಗುವುದು. ಆದರೆ ಅದು ಸಣ್ಣದು, ಉರುಳುತ್ತದೆ, ಮನೆಯಲ್ಲಿ ಎರಡು ವರ್ಷದ ಇನ್ನೊಂದು ಮಗು ಇದ್ದರೆ ಮೂಗಿಗೋ ಕಿವಿಗೋ ಹೋಗುತ್ತದೆ. ಒಳಗೆ ಸೇರಿದ ಕಾಳು ಪಸೆಗೆ ಉಬ್ಬುತ್ತದೆ, ಮನೆಯಲ್ಲಿ ಕೆದಕದೆ ನೇರ ದವಾಖಾನೆಗೆ ಹೋಗಬೇಕಾಗುತ್ತದೆ. ಹುಣಸೆ ಬೀಜ ದೊಡ್ಡದು, ಹಿಡಿಯಲು ಸಲೀಸು. ಆದರೆ ಅದೂ ಬಾಯಿಗೆ ಹೋಗುವಂಥದ್ದೇ, ಪುಟ್ಟ ಮಗು ಎದ್ದಿರುವಾಗ ಹೊರತೆಗೆಯಬೇಡಿ.

ಹತ್ತರ ತನಕ ಬೀಜ ಸಾಕು. ಹತ್ತು ದಾಟಿದ ಕೂಡಲೇ ಕಡ್ಡಿಗೆ ಬನ್ನಿ. ಬೀಜದಲ್ಲಿ 23 ಎಂದರೆ ಒಂದು ಗುಡ್ಡೆ. ಕಡ್ಡಿಯಲ್ಲಿ ಎರಡು ಕಟ್ಟು, ಮೂರು ಬಿಡಿ. ಬಿಚ್ಚಿ ಕಟ್ಟುವುದರಲ್ಲೇ ಮುಂದಿನ ವರ್ಷದ ಕೂಡಿಸುವ-ಕಳೆಯುವ ಲೆಕ್ಕ ಅಡಗಿದೆ. ಐಸ್‌ಕ್ರೀಮ್ ಕಡ್ಡಿ ನೂರು ಇದ್ದರೆ ಒಳ್ಳೆಯದು. ಕಸಬರಿಗೆ ಕಡ್ಡಿಯ ತುದಿ ಕಣ್ಣಿಗೆ ಚುಚ್ಚುತ್ತದೆ. ಜೋಳದ ದಂಟಾದರೆ ಮೇಲಿನ ಸಿಪ್ಪೆ ಬೆರಳು ಕೊಯ್ಯುತ್ತದೆ, ಸುಲಿದು ಬೆಂಡು ಮಾತ್ರ ಕೊಡಿ. ಮಣಿಸರವನ್ನೂ ನೋಡಿದ್ದೇವೆ, ಎಣಿಸಲು ಚೆಂದ, ಬಿಡಿಸಿ ಕಟ್ಟಲು ಬರುವುದಿಲ್ಲವೆಂದು ಕಡ್ಡಿಗೇ ನಮ್ಮ ಒಲವು.

ಓಣಿಯಲ್ಲಿ ದಖನಿ, ಟಿವಿಯಲ್ಲಿ ಹಿಂದಿ ಕೇಳುವ ಮಗು ಸಂಖ್ಯೆಗಳನ್ನು ಬೆರೆಸುತ್ತದೆ. ಕನ್ನಡದಲ್ಲಿ ಇಪ್ಪತ್ತು ದಾಟಿದರೆ ಎಲ್ಲವೂ ಒಂದೇ ಎರಕ: ಮೂವತ್ತು ಒಂದು ಮೂವತ್ತೊಂದು. ಹಿಂದಿಯ ಉನ್ತೀಸ್ (29), ಉನ್ತಾಲೀಸ್ (39)ಗಳಲ್ಲಿ ಅದು ಇಲ್ಲ. 99ರ ತನಕ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ.

ಹೊತ್ತು, ಕಾಗದ

ಮಳೆ ಹಿಡಿಯುವ ತನಕ ಮಧ್ಯಾಹ್ನದ ಪಾಠ ವ್ಯರ್ಥ. ಬೆಳಿಗ್ಗೆ ಒಂದೂವರೆ ಗಂಟೆ ಒಂದೇ ಸಮ ಕೂಡಿಸುವುದಕ್ಕಿಂತ 7ರಿಂದ 10ರೊಳಗೆ ಇಪ್ಪತ್ತು ನಿಮಿಷದ ಮೂರು ಬೈಠಕ್ ಮೇಲು. ಓದು, ಎಣಿಕೆ, ಮತ್ತೆ ಓದು.

6ರಿಂದ 14ರ ವಯಸ್ಸಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆ, ನಡುವೆ ಶಾಲೆಗೆ ಸೇರಿಸಿದರೆ ವಯಸ್ಸಿಗೆ ತಕ್ಕ ತರಗತಿ ಕೊಡಬೇಕು ಎಂದು ಅದರಲ್ಲೇ ಇದೆ. ಮನೆಯಲ್ಲೇ ಮುಂದುವರಿಸಿದರೆ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಇದೆ, ಅದರ ಮೂಲ ಶಿಕ್ಷಣದಲ್ಲಿ ‘ಎ’ ಹಂತ ಮೂರನೇ ತರಗತಿಗೆ ಸಮ. ಆ ಮಾತು ಬರುವುದಕ್ಕೆ ಇನ್ನೂ ವರ್ಷಗಳಿವೆ. ಈಗಿನ ಹಾಳೆಗಳ ಮೇಲೆ ತಾರೀಖು ಹಾಕಿಟ್ಟರೆ ಆಯಿತು.

ಕಾಗುಣಿತ ಯಾವಾಗ?

ಎಲ್ಲ ಮೂಳಾಕ್ಷರ ಮುಗಿಸಿ ಬಾರಾಖಡಿ (ಕಾಗುಣಿತ) ಹಿಡಿಯುವುದು ಹಳೆಯ ರೂಢಿ. ಇಪ್ಪತ್ತು ಅಕ್ಷರಕ್ಕೇ ಆ-ಕಾರ ತೆಗೆದರೆ ಸಾರ, ದಾರ, ಮಾವ, ಬಾನ, ಜಾಗ ಎಂದು ಓದು ಒಮ್ಮೆಲೇ ಹಿಗ್ಗುತ್ತದೆ, ಮಹಾಪ್ರಾಣಗಳು ಕಾಯಬಲ್ಲವು. ಗುಡಿಸು ಬಂದಾಗ ಮಗು ‘ಮನಿ’, ‘ಎಲಿ’ ಎಂದು ಬರೆಯುತ್ತದೆ. ಕಿವಿಗೆ ಬಿದ್ದದ್ದನ್ನು ಸರಿಯಾಗಿಯೇ ಬರೆದಿದೆ, ಆಗ ತಿದ್ದಬೇಡಿ. ಎತ್ವ ಕಲಿಸುವ ದಿನ ಎರಡನ್ನೂ ಪಾಟಿಯ ಮೇಲೆ ಪಕ್ಕಪಕ್ಕ ಬರೆದು, ‘ಆಡೂದು ಮನಿ, ಬರಿಯೂದು ಮನೆ’ ಎಂದು ತೋರಿಸಿ. ಅದಕ್ಕೂ ಮೊದಲೇ ಕೆಂಪು ಗೆರೆ ಎಳೆದರೆ ಮಗು ತನ್ನ ಕಿವಿಯನ್ನು ನಂಬುವುದು ಬಿಟ್ಟು ಪ್ರತಿ ಅಕ್ಷರಕ್ಕೂ ನಿಮ್ಮ ಮುಖ ನೋಡತೊಡಗುತ್ತದೆ.