ಸ್ಕ್ರೀನ್ ತೊಳೆಯೋ ಮಷಿನ್: ಶಿರಸಿಯ ಅಂಗಡಿಗೆ ಆಗುತ್ತಾ?

ಆಗುತ್ತದೆ, ಆದರೆ ಎಲ್ಲ ಕೆಲಸಕ್ಕೂ ಅಲ್ಲ. ನಮ್ಮದು ಬಟ್ಟೆ ಚೀಲ, ಟೀ ಶರ್ಟ್, ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟ್ ಮಾಡುವ ಅಂಗಡಿ. ಸ್ಕ್ರೀನ್ ಅಂದರೆ ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆ, ಅದರ ಮೂಲಕವೇ ಇಂಕ್ ಒತ್ತುವುದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಫ್ರೇಮುಗಳು ಸಾಲುವುದೇ ಇಲ್ಲ. ಹಳೇ ಡಿಸೈನ್ ತೆಗೆದು ಮತ್ತೆ ಎಮಲ್ಷನ್ (ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಲೇಪ, ಡಿಸೈನ್ ಮೂಡುವುದು ಇದರಲ್ಲೇ) ಹಚ್ಚಬೇಕು, ಆ ತೊಳೆಯೋ ಕೆಲಸಕ್ಕೆ ಒಬ್ಬ ಹುಡುಗ ಇಡೀ ದಿನ ಒದ್ದೆಯಾಗಿ ನಿಲ್ಲಬೇಕು. ಅದಕ್ಕೇ ಇದನ್ನು ತಗೊಂಡಿದ್ದು.

ಇಂಕ್ ಮೊದಲು ಕೈಯಲ್ಲೇ ಕೆರೆದು ತೆಗೆಯಬೇಕು. ಆಮೇಲೆ ಫ್ರೇಮ್ ಒಳಗಿಟ್ಟರೆ ರಿಮೂವರ್ (ಎಮಲ್ಷನ್ ಬಿಡಿಸುವ ದ್ರಾವಣ) ಸಿಂಪಡಿಸಿ, ಎರಡೂ ಕಡೆಯಿಂದ ಜೋರಾಗಿ ನೀರು ಬಿಡುತ್ತದೆ. ನನಗೆ ಇಷ್ಟವಾಗಿದ್ದು, ರಿಮೂವರ್ ಒಣಗೋಕೆ ಬಿಡುವುದಿಲ್ಲ. ಕೈಯಲ್ಲಿ ತೊಳೆಯುವಾಗ ಗಿರಾಕಿ ಬಂದರು ಅಂತ ಹೊರಗೆ ಹೋದರೆ ಮುಗಿಯಿತು, ಅದು ಒಣಗಿ ಎಮಲ್ಷನ್ ಕಲ್ಲಿನ ಹಾಗೆ ಕೂತುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬರಲ್ಲ.

ಆದರೆ ಈಗಷ್ಟೇ ಎಕ್ಸ್‌ಪೋಸ್ ಮಾಡಿದ, ಅಂದರೆ ಬೆಳಕಿಗೆ ಹಿಡಿದು ಇನ್ನು ಡಿಸೈನ್ ಜಾಗದ ಮೆತ್ತಗಿನ ಎಮಲ್ಷನ್ ಮಾತ್ರ ತೊಳೆಯಬೇಕಾದ ಸ್ಕ್ರೀನನ್ನು ಇದಕ್ಕೆ ಕೊಡಬೇಡಿ. ಲಗ್ನಪತ್ರಿಕೆಯ ಸಣ್ಣ ಅಕ್ಷರ ನೋಡಿ, ಒತ್ತಕ್ಷರದ ಸಂದಿಯ ಎಮಲ್ಷನ್ ಕಿತ್ತು ಬಂದು ಪ್ರಿಂಟಲ್ಲಿ ಬರೀ ಇಂಕಿನ ಗುಡ್ಡೆ ಕಾಣುತ್ತದೆ. ಅದಕ್ಕೆ ಪೈಪಿನ ಮೆಲ್ಲಗಿನ ನೀರೇ ಸರಿ.

ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಸರ್ವಿಸ್‌ನವರು ಹುಬ್ಬಳ್ಳಿಯಿಂದ ಬರಬೇಕು, ಫೋನ್ ಮಾಡಿದರೆ ‘ನಾಳೆ’ ಅಂತಾರೆ, ಯಾವ ನಾಳೆಯೋ! ನಮ್ಮ ಮಳೆಗಾಲದಲ್ಲಂತೂ ತೊಳೆಯೋದು ಬೇಗ ಆದರೂ ಒಣಗೋದು ಬೇಗ ಆಗಲ್ಲ ಅಲ್ವಾ, ಒಣಗಿಸೋ ಕ್ಯಾಬಿನೆಟ್ ಇಲ್ಲದೆ ಇದೊಂದನ್ನೇ ತಂದಿಟ್ಟರೆ ಫ್ರೇಮುಗಳು ಅಲ್ಲೇ ರಾಶಿ ಬೀಳುತ್ತವೆ. ದಿನಕ್ಕೆ ನಾಲ್ಕೈದು ಫ್ರೇಮ್ ತೊಳೆಯುವವರಿಗೆ ಸುಮ್ನೆ ಖರ್ಚು.